ಮರ ಇಲ್ಲದ ಕಡೆ ಹ್ಯಾಮಕ್ ಕಟ್ಟಬೇಡಿ, ಹಾಸಿ

ಮೊದಲೇ ಹೇಳಿಬಿಡುತ್ತೇನೆ, ಇವತ್ತು ಸ್ವಲ್ಪ ಜಗಳದ ಮೂಡಿನಲ್ಲೇ ಬರೆಯಲು ಕೂತಿದ್ದೇನೆ. ಓದಿ ಕೆಲವರಿಗೆ ಸಿಟ್ಟು ಬರಬಹುದು. ಬರಲಿ.

ವಿಷಯ ಹ್ಯಾಮಕ್. ಎರಡು ಮರಗಳ ನಡುವೆ ಕಟ್ಟಿ ಮಲಗುವ ನೈಲಾನ್ ಜೋಲಿ. ಮಡಚಿದರೆ ತೆಂಗಿನಕಾಯಿಯಷ್ಟಾಗುತ್ತದೆ, ಚೀಲದ ಮೂಲೆಯಲ್ಲಿ ಕೂತುಬಿಡುತ್ತದೆ. ಸಹ್ಯಾದ್ರಿಯ ಕೋಟೆಗಳ ಮೇಲೆ ರಾತ್ರಿ ಉಳಿಯಲು ಹೋಗುವ ಹುಡುಗರ ಬೆನ್ನಿಗೆ ಈಗ ಟೆಂಟಿನ ಜೊತೆ, ಎಷ್ಟೋ ಸಲ ಟೆಂಟಿನ ಬದಲಿಗೆ, ಇದೇ ಇರುತ್ತದೆ. ಗಟ್ಟಿ ಮರಗಳಿದ್ದ ಕಡೆ ಅದರಷ್ಟು ಸುಖದ ಹಾಸಿಗೆ ಇನ್ನೊಂದಿಲ್ಲ. ಅದರಲ್ಲಿ ನನ್ನ ತಕರಾರಿಲ್ಲ. ನನ್ನ ತಕರಾರು ಮರವೇ ಇಲ್ಲದ ಕಡೆ.

ನಮ್ಮ ಪುಣೆ, ಮುಂಬೈ ಕಡೆಯ ಚಾರಣಿಗರು ಹೋಗುವ ಜಾಗಗಳನ್ನೇ ನೋಡಿ. ಮಹಾರಾಷ್ಟ್ರದ ಅತಿ ಎತ್ತರದ ಶಿಖರ ಕಳಸೂಬಾಯಿ, 1646 ಮೀಟರ್. ತುದಿಯಲ್ಲಿ ಪುಟ್ಟ ಗುಡಿ, ಬಂಡೆ, ಗಾಳಿ, ಅಷ್ಟೇ. ಅತಿ ಎತ್ತರದ ಕೋಟೆ ಸಾಲ್ಹೇರ್, 1567 ಮೀಟರ್. ನೆತ್ತಿ ಬೋಳು. ಹರಿಶ್ಚಂದ್ರಗಡದ ಕೊಂಕಣಕಡಾದ ಅಂಚಿನಲ್ಲಿ ನಿಂತು ಮಲಗಲು ಎರಡು ಮರ ಹುಡುಕಿ ನೋಡೋಣ! ಕೆಳಗಿನ ಕಣಿವೆಯಲ್ಲಿ ಕಾಡು ದಟ್ಟವಾಗಿದ್ದರೂ ಮೇಲೆ ಕಪ್ಪು ಬಸಾಲ್ಟ್ ಕಲ್ಲು, ಅದರ ಮೇಲೆ ಗೇಣು ಮಣ್ಣು. ನಾಲ್ಕು ತಿಂಗಳು ಹೊಡೆದು ಹಾಕುವ ಮಳೆ, ಉಳಿದ ಎಂಟು ತಿಂಗಳು ಒಣಗಾಳಿ. ಅಲ್ಲಿ ಹುಲ್ಲು ಬೆಳೆಯುತ್ತದೆ, ಇಳಿಜಾರಿನಲ್ಲಿ ಹೆಬ್ಬೆರಳು ದಪ್ಪದ ಕಾರವಿ ಗಿಡ ಬೆಳೆಯುತ್ತದೆ. ಎಪ್ಪತ್ತು ಕೆಜಿ ಆಳನ್ನು ಹೊರುವ ಮರ ಬೆಳೆಯುವುದಿಲ್ಲ.

ಆದರೆ ಹ್ಯಾಮಕ್ ತಂದಾಗಿದೆಯಲ್ಲ? ತೂಗಲೇಬೇಕು. ಫೋಟೋ ಬೇಕು. ಆಗ ಶುರುವಾಗುತ್ತದೆ ಹುಡುಕಾಟ. ಬುರುಜಿನಲ್ಲಿ ಚಾಚಿಕೊಂಡಿರುವ ಕಲ್ಲು, ಛಾವಣಿ ಹೋದ ಗೋಡೆ, ಗುಡಿಯ ಕಂಬ, ಹಳೆಯ ತೋಪು, ಮಾಹಿತಿ ಫಲಕದ ಕಬ್ಬಿಣದ ಸರಳು, ಕಡಿದಾದ ಕಡೆ ಜನರ ಕೈಗೆ ಆಸರೆಗೆ ಅಂತ ಹಾಕಿದ ಕಂಬಿ. ಇವೆಲ್ಲ ಮರದ ಬದಲಿಗಂತೆ!

ಹೋದ ಡಿಸೆಂಬರಿನ ಮಾತು ಹೇಳುತ್ತೇನೆ. ಕೋಟೆಯ ಹೆಸರು ಬೇಡ. ನಾವು ಏಳು ಜನ, ಗುಂಪಿನಲ್ಲಿ ನಾನೇ ಹಿರಿಯ. ಗೆಳೆಯನ ಮಗ, ಇಪ್ಪತ್ನಾಲ್ಕರ ಹುಡುಗ, ಹೊಸ ಹ್ಯಾಮಕ್ ತಂದಿದ್ದ. ಮೇಲೆ ಮುಟ್ಟಿದಾಗ ಸಂಜೆ ಐದೂವರೆ. ಸುತ್ತ ಮೊಣಕಾಲೆತ್ತರದ ಒಣಹುಲ್ಲು, ಒಂದು ಸಣ್ಣ ಗುಡಿ, ಗುಡಿಯ ಮುಂದೆ ದೀಪಮಾಳ. ದೀಪಮಾಳ ಅಂದರೆ ಹಬ್ಬದ ದಿನ ಹಣತೆ ಇಡಲು ಮೆಟ್ಟಿಲು ಮೆಟ್ಟಿಲಾಗಿ ಚಾಚು ಬಿಟ್ಟಿರುವ ಕಲ್ಲುಕಂಬ, ಮಹಾರಾಷ್ಟ್ರದ ಗುಡಿಗಳ ಮುಂದೆ ನೋಡಿರುತ್ತೀರಿ. ಅದರಿಂದ ಹದಿನೈದು ಅಡಿ ಆಚೆ ಒಂದು ಹಾಳುಗೋಡೆ. ಹುಡುಗನ ಕಣ್ಣು ಎರಡರ ಮೇಲೂ ಬಿತ್ತು.

"ನೆಲದ ಮ್ಯಾಲೇ ಹಾಸ್ಕೊಂಡು ಮಲ್ಕೋ ತಮ್ಮಾ" ಅಂದೆ.

"ಕಾಕಾ, ನೆಲದ ಮ್ಯಾಲೆ ಮಲಗೂದಾದ್ರ ಇದನ್ಯಾಕ ಹೊತ್ಕೊಂಡು ಬರಬೇಕಿತ್ರೀ?" ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಸುಮ್ಮನಾದೆ.

ರಾತ್ರಿ ಎರಡರ ಹೊತ್ತಿಗೆ ಧಡ್ ಅಂತ ಸದ್ದು. ಅವನು ಮಗ್ಗಲು ಬದಲಿಸಿದ್ದಾನೆ, ಗೋಡೆಯ ಕಲ್ಲು ಹಗ್ಗದ ಸಮೇತ ಕಿತ್ತು ಬಂದಿದೆ. ಬಿದ್ದದ್ದು ಎರಡೂವರೆ ಅಡಿಯಿಂದ, ಆದರೆ ಕೆಳಗಿದ್ದದ್ದು ಬಂಡೆ. ಕಲ್ಲು ಅವನ ತಲೆಯಿಂದ ಒಂದು ಮೊಳ ಆಚೆ ಬಿದ್ದಿತ್ತು. ಟಾರ್ಚ್ ಹಾಕಿ ನೋಡಿದರೆ ಒಬ್ಬನೇ ಎತ್ತಲಾರದಷ್ಟು ದೊಡ್ಡದು. ಬಾಲಮೂಳೆಗೆ ಪೆಟ್ಟಾಗಿ, ಎರಡು ತಾಸಿನ ಇಳಿಜಾರನ್ನು ಅವನು ಇಬ್ಬರ ಹೆಗಲ ಮೇಲೆ ಆರು ತಾಸು ಇಳಿದ. ಕಲ್ಲು ಆ ಒಂದು ಮೊಳ ಈಚೆ ಬಿದ್ದಿದ್ದರೆ ಅವನ ತಂದೆಗೆ ನಾನು ಏನು ಹೇಳಬೇಕಿತ್ತು? ಇವತ್ತಿಗೂ ಅದನ್ನು ನೆನೆದರೆ ಬೆವರುತ್ತೇನೆ.

ಬೆಳಿಗ್ಗೆ ಗುಡಿಗೆ ದೀಪ ಹಚ್ಚಲು ಕೆಳಗಿನ ವಾಡಿಯಿಂದ ಬಂದ ಮುದುಕ ಗೋಡೆಯಲ್ಲಿ ಬಿದ್ದ ತೂತು ನೋಡಿದ, ಕಲ್ಲು ನೋಡಿದ. ಬೈಯಲಿಲ್ಲ. ನಮ್ಮಲ್ಲೊಬ್ಬನನ್ನು ಕರೆದು, ಇಬ್ಬರೂ ಸೇರಿ ಕಲ್ಲನ್ನು ಗೋಡೆಯ ಬುಡಕ್ಕೆ ಸರಿಸಿ ಒರಗಿಸಿಟ್ಟರು. ಆಮೇಲೆ ಹುಡುಗನಿಗೆ ಚಹಾ ಮಾಡಿಕೊಟ್ಟ. ಬೈದಿದ್ದರೇ ಚೆನ್ನಾಗಿತ್ತು.

ಈಗ ಲೆಕ್ಕಕ್ಕೆ ಬರೋಣ. ನಾನು ಓದಿದ್ದು ಬಿ.ಕಾಂ., ಇಂಜಿನಿಯರ್ ಅಲ್ಲ. ಆದರೆ ಈ ಲೆಕ್ಕಕ್ಕೆ ಎಸ್ಸೆಸ್ಸೆಲ್ಸಿಯ ತ್ರಿಕೋನಮಿತಿ ಸಾಕು. ನಿಮ್ಮ ತೂಕ 70 ಕೆಜಿ ಅಂತ ಇಟ್ಟುಕೊಳ್ಳಿ. ಹ್ಯಾಮಕ್ಕಿನ ಹಗ್ಗ ಎರಡೂ ಕಡೆ ಅಡ್ಡಗೆರೆಯಿಂದ 30 ಡಿಗ್ರಿ ಇಳಿಜಾರಾಗಿದ್ದರೆ ಒಂದೊಂದು ಹಗ್ಗದ ಮೇಲೆ ಬೀಳುವ ಎಳೆತ ಸರಿಯಾಗಿ 70 ಕೆಜಿ. "ಎರಡು ಹಗ್ಗ ಇವೆ, ಅರ್ಧರ್ಧ ಅಂದರೆ 35 ಅಲ್ಲವಾ" ಅಂತ ಕೇಳಬೇಡಿ, ಅಲ್ಲ! ಹಗ್ಗ ನೇರ ಕೆಳಗೆ ಇಳಿದಿದ್ದರೆ ಮಾತ್ರ ಅರ್ಧರ್ಧ. ಓರೆಯಾದಷ್ಟೂ ಎಳೆತ ಏರುತ್ತದೆ. 15 ಡಿಗ್ರಿಗೆ 135 ಕೆಜಿ. 10 ಡಿಗ್ರಿಗೆ 200 ದಾಟುತ್ತದೆ. ತಂತಿಯ ಹಾಗೆ ಬಿಗಿದು 5 ಡಿಗ್ರಿ ಉಳಿಸಿದರೆ 400 ಕೆಜಿ. ಇದು ಅಲುಗಾಡದೆ ಮಲಗಿದಾಗಿನ ಲೆಕ್ಕ. ಧೊಪ್ಪನೆ ಕೂತರೆ, ಮಗ್ಗಲು ಹೊರಳಿದರೆ ಇನ್ನೂ ಜಾಸ್ತಿ.

ಮರವಿಲ್ಲದ ಕಡೆ ಯಾಕೆ ಹೆಚ್ಚು ಅಪಾಯ ಅಂತ ಇಲ್ಲೇ ತಿಳಿಯುತ್ತದೆ. ಕಾಡಿನಲ್ಲಿ ಬೇಕಾದಷ್ಟು ಅಂತರದ, ಬೇಕಾದಷ್ಟು ಎತ್ತರದ ಮರ ಆರಿಸಿ 30 ಡಿಗ್ರಿಗೆ ಸಡಿಲವಾಗಿ ಕಟ್ಟಬಹುದು. ಕೋಟೆಯ ಮೇಲೆ ಸಿಗುವ ಆಸರೆಗಳು ಕುಳ್ಳಗಿರುತ್ತವೆ, ಒಂದಕ್ಕೊಂದು ದೂರ ಇರುತ್ತವೆ. ಸಡಿಲ ಕಟ್ಟಿದರೆ ಕುಂಡಿ ನೆಲಕ್ಕೆ ತಾಗುತ್ತದೆ. ಅದಕ್ಕೇ ಬಿಗಿಯುತ್ತಾರೆ. ಬಿಗಿದಷ್ಟೂ ಎಳೆತ. ಅಂದರೆ ಆಸರೆ ಅತಿ ದುರ್ಬಲ ಇರುವ ಕಡೆಯೇ ಅತಿ ಹೆಚ್ಚು ಹೊರೆ ಹಾಕುತ್ತೇವೆ.

ಇನ್ನೊಂದು ಮಾತು. ಕಲ್ಲುಕಂಬ, ಕಲ್ಲುಗೋಡೆ ಮೇಲಿನಿಂದ ಬೀಳುವ ಭಾರ ಹೊರಲು ಕಟ್ಟಿದ್ದು. ಒಂದರ ಮೇಲೊಂದು ಕಲ್ಲು ಕೂತಿರುವುದು ತನ್ನ ತೂಕದಿಂದಲೇ. ನೂರಾರು ಮಳೆಗಾಲ ಕಂಡ ಸುಣ್ಣದ ಗಾರೆ ಎಷ್ಟೋ ಕಡೆ ತೊಳೆದು ಹೋಗಿರುತ್ತದೆ. ಹ್ಯಾಮಕ್ ಎಳೆಯುವುದು ಅಡ್ಡಕ್ಕೆ. 10 ಡಿಗ್ರಿಗೆ ಕಟ್ಟಿದ ಆ 200 ಕೆಜಿಯಲ್ಲಿ ಹೆಚ್ಚುಕಮ್ಮಿ ಎಲ್ಲವೂ ಅಡ್ಡ ಎಳೆತವೇ. ಮರಕ್ಕೆ ಬೇರಿದೆ, ಗಾಳಿಗೆ ಬಾಗಿ ಅಭ್ಯಾಸವಿದೆ. ಕಲ್ಲಿಗೆ ಎರಡೂ ಇಲ್ಲ. ಬ್ಯಾಂಕಿನಲ್ಲಿ ಯಾರನ್ನಾದರೂ ಜಾಮೀನಿಗೆ ಹಾಕಿಕೊಳ್ಳುವ ಮುಂಚೆ ಅವನ ತಾಕತ್ತು ನೋಡುತ್ತೇವೆ, ಅವನ ಸಹಿಯನ್ನೂ ಕೇಳುತ್ತೇವೆ. ಮುನ್ನೂರು ವರ್ಷದ ಗೋಡೆಯನ್ನು ಮಾತ್ರ ಯಾರೂ ಏನೂ ಕೇಳದೆ ತಮ್ಮ ನಿದ್ದೆಗೆ ಜಾಮೀನು ಹಾಕಿಬಿಡುತ್ತಾರೆ.

ಹಳೆಯ ಕಲ್ಲಷ್ಟೇ ಅಲ್ಲ, ಹೊಸ ಇಟ್ಟಿಗೆಯದೂ ಇದೇ ಕತೆ. 2020ರ ಜೂನ್‌ನಲ್ಲಿ ಅಮೆರಿಕದ ಒಹಾಯೋ ರಾಜ್ಯದಲ್ಲಿ ಮನೆಯ ಅಂಗಳದ ಇಟ್ಟಿಗೆ ಕಂಬಕ್ಕೆ ಕಟ್ಟಿದ್ದ ಹ್ಯಾಮಕ್ಕಿನಲ್ಲಿದ್ದ ಇಬ್ಬರು ಅಕ್ಕತಂಗಿಯರು, ಕಂಬ ಮೈಮೇಲೆ ಕುಸಿದು ತೀರಿಕೊಂಡರು. ಹದಿಹರೆಯದ ಹುಡುಗಿಯರು. ಬೆಟ್ಟವಲ್ಲ, ಕೋಟೆಯಲ್ಲ, ಸ್ವಂತ ಮನೆಯ ಅಂಗಳ. ಲಡಾಖ್, ಸ್ಪಿತಿ ಕಡೆ ಹೋದವರು ಎರಡು ಮೋಟರ್‌ಸೈಕಲ್ ನಿಲ್ಲಿಸಿ ನಡುವೆ ಹ್ಯಾಮಕ್ ಕಟ್ಟಿ ಚಿತ್ರ ತೆಗೆಸಿಕೊಳ್ಳುವುದನ್ನೂ ನೋಡಿದ್ದೇನೆ. ಸ್ಟ್ಯಾಂಡಿನ ಮೇಲೆ ನಿಂತ ಗಾಡಿಯನ್ನು ಅಡ್ಡಕ್ಕೆ ಎಳೆದರೆ ಅದು ಯಾರ ಮೇಲೆ ಬೀಳುತ್ತದೆ? ನಡುವೆ ಮಲಗಿದವನ ಮೇಲೇ ಅಲ್ಲವೇ?

ಕಾನೂನೂ ಇದೆ. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯ 2010ರ ತಿದ್ದುಪಡಿಯ ಪ್ರಕಾರ, ಕೇಂದ್ರದ ರಕ್ಷಣೆಯಲ್ಲಿರುವ ಸ್ಮಾರಕಕ್ಕೆ ಹಾನಿ ಮಾಡಿದರೆ ಎರಡು ವರ್ಷದವರೆಗೆ ಸಜೆ, ಇಲ್ಲವೇ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. 2025ರ ಜುಲೈನಲ್ಲಿ ಮರಾಠರ ಕಾಲದ 12 ಕೋಟೆಗಳು ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿದವು. ರಾಯಗಡ, ರಾಜಗಡ, ಲೋಹಗಡ, ಶಿವನೇರಿ, ಸಾಲ್ಹೇರ್, ಪ್ರತಾಪಗಡ ಎಲ್ಲ ಅದರಲ್ಲಿವೆ, ತಮಿಳುನಾಡಿನ ಜಿಂಜಿಯೂ ಇದೆ. ಪಟ್ಟಿಗೆ ಸೇರಿದ ದಿನ ಪುಣೆಯಲ್ಲಿ ಪೇಡೆ ಹಂಚಿ, ಮುಂದಿನ ಶನಿವಾರ ಬುರುಜಿಗೆ ಹಗ್ಗ ಬಿಗಿದರೆ ಆ ಅಭಿಮಾನಕ್ಕೆ ಏನು ಹೆಸರಿಡೋಣ? ಕಾಯ್ದೆಯ ಭಯದಿಂದ ಸುಮ್ಮನಿರಿ ಅಂತ ನಾನು ಹೇಳುತ್ತಿಲ್ಲ. ಮೇಲೆ ನೋಡಲು ಯಾರೂ ಇರುವುದಿಲ್ಲ, ಅದು ನಿಮಗೂ ಗೊತ್ತು ನನಗೂ ಗೊತ್ತು. ಯಾರೂ ನೋಡದ ಕಡೆ ಹೇಗಿರುತ್ತೇವೆ ಅನ್ನುವುದೇ ಪ್ರಶ್ನೆ.

ಹಾಗಾದರೆ ಹ್ಯಾಮಕ್ ಮನೆಯಲ್ಲಿಟ್ಟು ಹೋಗಬೇಕೇ? ಬೇಡ. ನೆಲಕ್ಕೆ ಹಾಸಿ. ಇದನ್ನು ಕೇಳಿ ಮೂಗು ಮುರಿಯುವವರೇ ಜಾಸ್ತಿ. ಅದೇನೋ ಸೋತ ಹಾಗೆ, ದುಡ್ಡು ದಂಡವಾದ ಹಾಗೆ.

ಸ್ವಲ್ಪ ಯೋಚಿಸಿ. ಈ ವಸ್ತು ಹುಟ್ಟಿದ್ದು ಅಮೆರಿಕ ಖಂಡದ ಕಾಡುಗಳ ಮೂಲನಿವಾಸಿಗಳಲ್ಲಿ. 1492ರಲ್ಲಿ ಕೊಲಂಬಸ್ ಕೆರಿಬಿಯನ್ ದ್ವೀಪಗಳಲ್ಲಿ ಅದನ್ನು ಕಂಡ, ಹೆಸರೂ ಅಲ್ಲಿಯ ಟೈನೋ ಜನರ ಮಾತಿನದೇ. ಆಮೇಲೆ ಯುರೋಪಿನ ಹಡಗುಗಳಿಗೆ ಹೋಯಿತು, ಅಲ್ಲಿ ಮರ ಇರಲಿಲ್ಲ, ಆದರೆ ಗಟ್ಟಿ ತೊಲೆಗಳಿದ್ದವು. ಹೊರುವಂಥದ್ದು ಇದ್ದ ಕಡೆ ತೂಗಿದರು, ಅಷ್ಟೇ.

ನಮ್ಮ ಜೋಲಿಯದೂ ಇದೇ ನ್ಯಾಯ. ಇಲ್ಲಿ ಪುಣೆಯಲ್ಲಿ ಎಲ್ಲಿ ಕಟ್ಟಡ ಏಳುತ್ತಿದ್ದರೂ ಕಲಬುರ್ಗಿ, ಯಾದಗಿರಿ, ವಿಜಯಪುರ ಕಡೆಯ ನಮ್ಮ ಹೆಣ್ಣುಮಕ್ಕಳು ಸಿಮೆಂಟು ಹೊರುತ್ತಿರುತ್ತಾರೆ. ಕೂಸನ್ನು ಹಳೆ ಸೀರೆಯ ಜೋಲಿಯಲ್ಲಿ ಮಲಗಿಸಿರುತ್ತಾರೆ. ಒಮ್ಮೆ ನಮ್ಮ ಓಣಿಯ ಕಟ್ಟಡದಲ್ಲಿ ಒಬ್ಬ ತಾಯಿ ಜೋಲಿ ಕಟ್ಟದೆ, ಮರಳಿನ ಗುಡ್ಡೆಯ ನೆರಳಲ್ಲಿ ಕೌದಿ ಹಾಸಿ ಕೂಸು ಮಲಗಿಸಿದ್ದಳು. "ಯಾಕವ್ವಾ, ಜೋಲಿ ಕಟ್ಟಿಲ್ಲೇನು ಇವತ್ತ?" ಅಂದೆ. "ಇಲ್ಲಿ ಇರೂ ಗಳ ಒಂದೂ ನೆಚ್ಚಿಕಿಲ್ಲರೀ ಅಣ್ಣಾರ" ಅಂದಳು. ಏಳೆಂಟು ಕೆಜಿ ಕೂಸಿಗೆ ಅವಳು ಇಷ್ಟು ನೋಡುತ್ತಾಳೆ. ಎಪ್ಪತ್ತು ಕೆಜಿಯ ಇಂಜಿನಿಯರಿಗೆ ಇದು ತಿಳಿಯುವುದಿಲ್ಲ!

ಇನ್ನು ಹಾಸುವುದು ಹೇಗೆ? ಕಷ್ಟವೇನಿಲ್ಲ. ಬೇಕಾದದ್ದು ಹ್ಯಾಮಕ್, ಅದರ ಜೊತೆ ಬರುವ ಸೊಳ್ಳೆಪರದೆ, ಮೇಲೆ ಹೊದಿಸುವ ತಾಡಪತ್ರಿ, ನಡೆಯಲು ಹಿಡಿದ ಎರಡು ಕೋಲು, ಒಂದು ಫೋಮ್ ಚಾಪೆ.

ಮೊದಲು ಜಾಗ. ಕಡಿದಾದ ಅಂಚಿನಿಂದ ದೂರ, ನೀರು ನಿಲ್ಲುವ ತಗ್ಗಲ್ಲ, ಕಲ್ಲು ಉರುಳುವ ಇಳಿಜಾರಿನ ಕೆಳಗಲ್ಲ. ಬ್ಯಾಟರಿ ಹಿಡಿದು ಸುತ್ತ ನೋಡಿ, ಚೂಪುಕಲ್ಲು ತೆಗೆಯಿರಿ. ಆಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ. ಇದನ್ನು ಮರೆಯಬೇಡಿ, ಹ್ಯಾಮಕ್ಕಿನ ತೆಳು ನೈಲಾನ್ ನಮ್ಮ ಬಸಾಲ್ಟ್ ಕಲ್ಲಿಗೆ ಒಂದೇ ರಾತ್ರಿಯಲ್ಲಿ ಹರಿಯುತ್ತದೆ. ಹಾಳೆಯ ಮೇಲೆ ಹ್ಯಾಮಕ್ ಹರಡಿ, ಅದರೊಳಗೆ ಫೋಮ್ ಚಾಪೆ.

ಆಮೇಲೆ ತಲೆಯ ಕಡೆ ಒಂದು ಕೋಲು, ಕಾಲ ಕಡೆ ಒಂದು ಕೋಲು ನಿಲ್ಲಿಸಿ. ಎರಡರ ತುದಿಗೂ ಒಂದೇ ಹಗ್ಗ ಹಾಯಿಸಿ, ಎರಡೂ ಕೊನೆಯನ್ನು ನೆಲಕ್ಕೆ ಬಿಗಿಯಿರಿ. ಆ ಹಗ್ಗಕ್ಕೆ ಪರದೆ ನೇತುಹಾಕಿ, ಅದರ ಮೇಲೆ ತಾಡಪತ್ರಿ. ಗಮನಿಸಿ, ಕೋಲು ಹೊರುವುದು ಪರದೆ ಮತ್ತು ತಾಡಪತ್ರಿಯನ್ನು ಮಾತ್ರ. ನಿಮ್ಮ 70 ಕೆಜಿ ಹೊರುವುದು ಭೂಮಿ. ಅದರ ತಾಕತ್ತಿನ ಬಗ್ಗೆ ಅನುಮಾನ ಬೇಡ.

ಬಂಡೆಗೆ ಟೆಂಟಿನ ಮೊಳೆ ಇಳಿಯುವುದಿಲ್ಲ. ಹಗ್ಗದ ತುದಿಯನ್ನು ಗೇಣುದ್ದದ ಕಡ್ಡಿಗೆ ಕಟ್ಟಿ, ಕಡ್ಡಿಯ ಮುಂದೆ, ಹಗ್ಗದ ಮೇಲೆ ದೊಡ್ಡ ಕಲ್ಲು ಹೇರಿ. ಎಳೆದಾಗ ಕಡ್ಡಿ ಕಲ್ಲಿಗೆ ಸಿಕ್ಕಿಕೊಂಡು ನಿಲ್ಲುತ್ತದೆ. ಕಲ್ಲು ಬಯಲಲ್ಲಿ ಬಿದ್ದದ್ದಾಗಿರಲಿ, ಗೋಡೆಯಿಂದ ಕಿತ್ತದ್ದಲ್ಲ. ಬೆಳಿಗ್ಗೆ ಅದು ಇದ್ದ ಜಾಗಕ್ಕೇ ಹೋಗಲಿ. ತಾಡಪತ್ರಿಯನ್ನು ತಗ್ಗಾಗಿ ಕಟ್ಟಿ, ಗಾಳಿ ಬೀಸುವ ಕಡೆಯ ಅಂಚು ನೆಲಕ್ಕೆ ತಾಗುವ ಹಾಗೆ ಇಳಿಸಿ. ಅಭ್ಯಾಸವಾದರೆ ಹದಿನೈದು ನಿಮಿಷದ ಕೆಲಸ.

ಈಗ ವಾದಗಳು. "ನೆಲದಲ್ಲಿ ಹಾವು ಚೇಳು ಇರುತ್ತವಲ್ಲ?" ಇದು ನ್ಯಾಯವಾದ ಪ್ರಶ್ನೆ, ನಗುವಂಥದ್ದಲ್ಲ. ಸಹ್ಯಾದ್ರಿಯ ಕಲ್ಲುಬಯಲಿನಲ್ಲಿ ಮರಾಠಿಯವರು ಫುರಸೆ ಅನ್ನುವ ಗರಗಸ ಮಂಡಲ ಇದೆ. ಕಟ್ಟುಹಾವು ನೆಲದಲ್ಲಿ ಮಲಗಿದವರನ್ನು ರಾತ್ರಿ ಹೊತ್ತು ಕಡಿಯುವುದು ಹಳ್ಳಿಯವರಿಗೆಲ್ಲ ಗೊತ್ತು. ಅದಕ್ಕೇ ವೈದ್ಯರೂ ಹೇಳುವುದು, ನೆಲದಲ್ಲಿ ಮಲಗಿದರೆ ಸೊಳ್ಳೆಪರದೆ ಕಟ್ಟಿ ಅಂಚನ್ನು ಹಾಸಿಗೆಯ ಅಡಿಗೆ ಸಿಕ್ಕಿಸಿ ಅಂತ. ಜಿಪ್ ಇರುವ ಹ್ಯಾಮಕ್ ಪರದೆ ಆ ಕೆಲಸವನ್ನು ಇನ್ನೂ ಚೆನ್ನಾಗಿ ಮಾಡುತ್ತದೆ. ಜಿಪ್ ಪೂರ್ತಿ ಎಳೆಯಿರಿ, ಬೂಟನ್ನು ಬೆಳಿಗ್ಗೆ ಜಾಡಿಸಿ ಹಾಕಿಕೊಳ್ಳಿ, ತಿಂಡಿಯ ಚೂರು ಬಿಡಬೇಡಿ, ಅದಕ್ಕೆ ಇಲಿ ಬರುತ್ತದೆ, ಇಲಿಯ ಹಿಂದೆ ಹಾವು. ಪರದೆ ಇಲ್ಲದ ಬರೀ ಬಟ್ಟೆಯ ಹ್ಯಾಮಕ್ ನಿಮ್ಮದಾದರೆ, ಮರವಿಲ್ಲದ ಜಾಗಕ್ಕೆ ಅದನ್ನು ಒಯ್ಯಬೇಡಿ. ಇದರಲ್ಲಿ ರಾಜಿ ಇಲ್ಲ.

"ಹಾಗಾದರೆ ಟೆಂಟೇ ಒಯ್ಯಬಹುದಲ್ಲ?" ಒಯ್ಯಿರಿ, ಬೇಡ ಅಂದವರಾರು? ಆದರೆ ಎರಡು ರಾತ್ರಿ ಕಾಡಿನಲ್ಲಿ, ಒಂದು ರಾತ್ರಿ ಬೋಳುಗುಡ್ಡದ ಮೇಲೆ ಅಂತಿದ್ದಾಗ ಒಂದು ರಾತ್ರಿಗೋಸ್ಕರ ಎರಡು ಕೆಜಿ ಟೆಂಟ್ ಯಾಕೆ ಹೊರಬೇಕು?

"ನೆಲ ತಣ್ಣಗಿರುತ್ತದೆ" ಅನ್ನುವವರಿಗೆ ಒಂದು ಮಾತು. ತೂಗುವ ಹ್ಯಾಮಕ್ಕಿನಲ್ಲಿ ಬೆನ್ನ ಕೆಳಗೆ ಗಾಳಿ ಆಡಿ ಮೈ ಇನ್ನೂ ಬೇಗ ತಣ್ಣಗಾಗುತ್ತದೆ. ಡಿಸೆಂಬರಿನಲ್ಲಿ ಮಲಗಿದವರನ್ನು ಕೇಳಿ. ಚಾಪೆ ಎರಡೂ ಕಡೆ ಬೇಕೇ ಬೇಕು, ನೆಲದಲ್ಲಾದರೆ ಅದು ಜಾರದೆ ಇದ್ದಲ್ಲೇ ಇರುತ್ತದೆ.

ಒಂದು ಷರತ್ತು ಮಾತ್ರ ಬಿಡುವಂತಿಲ್ಲ. ರಾತ್ರಿ ಉಳಿಯಲು ಅನುಮತಿ ಇಲ್ಲದ ಕಡೆ ತೂಗುವುದೂ ಇಲ್ಲ, ಹಾಸುವುದೂ ಇಲ್ಲ. ಹರಿಶ್ಚಂದ್ರಗಡ ವನ್ಯಜೀವಿ ಅಭಯಾರಣ್ಯದೊಳಗಿದೆ, ಅಲ್ಲಿ ಅರಣ್ಯ ಇಲಾಖೆ ಹೇಳಿದ್ದೇ ಕೊನೆ. ಕಾಸ್ ಪ್ರಸ್ಥಭೂಮಿಯಂಥ ಕಡೆ ಮಳೆಗಾಲದ ಹೂಗಿಡಗಳು ಬದುಕುವುದೇ ಆ ತೆಳು ಮಣ್ಣಿನ ಮೇಲೆ. ಅಲ್ಲಿ ಹಾಸಿಗೆ ಬಿಡಿ, ದಾರಿ ಬಿಟ್ಟು ಕಾಲೂ ಇಡಬಾರದು.

ಮಾರುವವರಿಗೂ ನನ್ನದೊಂದು ಜಗಳವಿದೆ. ಜಾಹೀರಾತಿನಲ್ಲಿ ಬೋಳು ಶಿಖರದ ಸೂರ್ಯೋದಯ ತೋರಿಸುತ್ತೀರಿ, ಹ್ಯಾಮಕ್ಕಿನ ಎರಡು ತುದಿ ಎಲ್ಲಿ ಕಟ್ಟಿದ್ದೀರಿ ಅನ್ನುವುದನ್ನು ಚೌಕಟ್ಟಿನ ಹೊರಗೆ ಇಡುತ್ತೀರಿ. ಚೀಲದ ಮೇಲೆ ಎಷ್ಟು ಕೆಜಿ ತಡೆಯುತ್ತದೆ ಅಂತ ದೊಡ್ಡ ಅಕ್ಷರದಲ್ಲಿ ಅಚ್ಚಾಗಿರುತ್ತದೆ. ಅದು ಬಟ್ಟೆಯ ತಾಕತ್ತು. ಕಟ್ಟುವ ಕಂಬದ್ದಲ್ಲ. ಅದರ ಪಕ್ಕದಲ್ಲೇ ಮರವಿಲ್ಲದ ಕಡೆ ಹೀಗೆ ಹಾಸಿ ಅಂತ ಒಂದು ಚಿತ್ರ ಅಚ್ಚು ಹಾಕಿದರೆ ನಿಮಗೆ ಆಗುವ ನಷ್ಟವೇನು? ಚಾರಣಕ್ಕೆ ಕರೆದೊಯ್ಯುವ ಮುಂದಾಳುಗಳೇ, ಹೊರಡುವ ಮುಂಚೆ ನೀರು, ಔಷಧಿ, ಟಾರ್ಚ್ ಅಂತ ಕೇಳುವಾಗ "ಹ್ಯಾಮಕ್ ತಂದವರು ನೆಲಕ್ಕೆ ಹಾಸುವ ಹಾಳೆ ತಂದಿದ್ದೀರಾ" ಅಂತಲೂ ಕೇಳಿ. ಮತ್ತೆ ನನ್ನಂಥ ಹಿರಿಯರೇ, ಹುಡುಗರು ನಕ್ಕಾರು ಅಂತ ಸುಮ್ಮನಿರಬೇಡಿ. ನಾನು ಸುಮ್ಮನಿದ್ದೆ.

ಹರಿಶ್ಚಂದ್ರಗಡದ ಕೇದಾರೇಶ್ವರ ಗುಹೆ ನೋಡಿದ್ದೀರಾ? ಎದೆಮಟ್ಟದ ತಣ್ಣೀರಿನ ನಡುವೆ ದೊಡ್ಡ ಶಿವಲಿಂಗ, ಸುತ್ತ ನಾಲ್ಕು ಕಂಬ. ಮೂರು ಮುರಿದಿವೆ, ಪೂರ್ತಿ ಉಳಿದದ್ದು ಒಂದೇ. ನಾಲ್ಕು ಕಂಬ ನಾಲ್ಕು ಯುಗ, ಕೊನೆಯದು ಬಿದ್ದ ದಿನ ಕಲಿಯುಗ ಮುಗಿಯುತ್ತದೆ ಅಂತ ಅಲ್ಲಿಯ ಜನ ನಂಬುತ್ತಾರೆ. ನೀವು ನಂಬಿ, ಬಿಡಿ. ಉಳಿದದ್ದು ಒಂದೇ ಅನ್ನುವುದನ್ನಂತೂ ಕಣ್ಣಾರೆ ನೋಡಬಹುದು. ಯಾವ ಕೋಟೆಯ ಮೇಲೆ ಹೋದರೂ ಲೆಕ್ಕ ಹೀಗೇ ಇದೆ, ಬಿದ್ದದ್ದು ಬಹಳ, ನಿಂತದ್ದು ಸ್ವಲ್ಪ.

ಹುಡುಗ ಈಗ ಆರಾಮಾಗಿದ್ದಾನೆ. ಆ ಗೋಡೆಯ ಕಲ್ಲು ಮಾತ್ರ ಮರಳಿ ಗೋಡೆಗೆ ಹೋಗಿಲ್ಲ. ಮೊನ್ನೆ ಮತ್ತೆ ಹೋಗಿದ್ದಾಗ ನೋಡಿದೆ, ಮುದುಕ ಒರಗಿಸಿಟ್ಟಲ್ಲೇ ಇದೆ, ಮೇಲೆ ತೂತು ಹಾಗೇ ಇದೆ. ಆ ರಾತ್ರಿ ಅದೇ ಗುಡಿಯ ಮುಂದಿನ ಬಯಲಲ್ಲಿ ನನ್ನ ಹ್ಯಾಮಕ್ ಹಾಸಿ ಮಲಗಿದೆ. ನೆಲ ಸ್ವಲ್ಪ ಗಟ್ಟಿ, ನಿಜ. ನಿದ್ದೆ ಬಂತು.

ನೀವು ಮುಂದಿನ ಸಲ ಮೇಲೆ ಹೋದಾಗ ಏನು ಮಾಡುತ್ತೀರಿ?